ನೋವು ಬೆನ್ನಿನಲ್ಲಿ, ಬಿಗಿತ ತೊಡೆಸಂದಿನಲ್ಲಿ

ತರಾವೀಹ್‌ನಲ್ಲಿ ದೀರ್ಘವಾಗಿ ನಿಂತರೆ ನಡು ಹಿಡಿದುಕೊಳ್ಳುತ್ತದೆ, ಬಹಳ ಹೊತ್ತು ಕುಳಿತು ಎದ್ದರೆ ನಾಲ್ಕು ಹೆಜ್ಜೆ ಬಗ್ಗಿಯೇ ನಡೆಯಬೇಕಾಗುತ್ತದೆ ಎಂಬ ದೂರು ನಮ್ಮ ಮನೆಗಳಲ್ಲಿ ಸಾಮಾನ್ಯ. ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ. ಮೂವತ್ತರ ಯುವಕನೂ ಇದನ್ನೇ ಹೇಳುವಾಗ ವಯಸ್ಸನ್ನು ದೂರುವಂತಿಲ್ಲ. ನೋವು ಬೆನ್ನಿನಲ್ಲಿದ್ದರೂ ಕೆಲವೊಮ್ಮೆ ಬಿಗಿತ ಇರುವುದು ಮುಂದೆ, ತೊಡೆಸಂದಿನಲ್ಲಿ.

ತೊಡೆಯನ್ನು ಮೇಲಕ್ಕೆತ್ತುವ ಮುಖ್ಯ ಸ್ನಾಯುವಿನ ಹೆಸರು ಸೋವಾಸ್. ನಡುವಿನ ಬೆನ್ನೆಲುಬಿನ ಪಕ್ಕದಲ್ಲಿ ಹುಟ್ಟಿ, ಹೊಟ್ಟೆಯ ಹಿಂಬದಿಯಿಂದ ಇಳಿದು, ತೊಡೆಮೂಳೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಕುಳಿತಾಗ ಅದು ಮೊಟಕಾಗಿರುತ್ತದೆ. ಹೊಲಿಗೆ ಯಂತ್ರದ ಮುಂದೆ, ಆಟೋದಲ್ಲಿ, ಕಂಪ್ಯೂಟರಿನೆದುರು, ಬೀಡಿ ಕಟ್ಟುತ್ತಾ ದಿನವಿಡೀ ಹಾಗೇ ಇದ್ದರೆ ಆ ಮೊಟಕುತನವೇ ಅದಕ್ಕೆ ರೂಢಿಯಾಗಬಹುದು. ಆಗ ನಿಂತರೂ ಅದು ಪೂರ್ತಿ ಚಾಚದು. ಸೊಂಟದ ಮೂಳೆಯನ್ನು ಮುಂದಕ್ಕೆ ವಾಲಿಸುತ್ತದೆ, ನಡುವಿನ ಒಳಬಾಗು ಹೆಚ್ಚುತ್ತದೆ. ನಡೆಯುವಾಗ ಕಾಲು ಸಾಕಷ್ಟು ಹಿಂದಕ್ಕೆ ಹೋಗದೆ ಹೆಜ್ಜೆ ಚಿಕ್ಕದಾಗುತ್ತದೆ.

'ಐದು ಹೊತ್ತು ನಮಾಝ್ ಮಾಡುವವರಿಗೆ ಬೇರೆ ವ್ಯಾಯಾಮ ಯಾಕೆ?' ಎಂದು ಕೇಳುವವರಿದ್ದಾರೆ. ನಮಾಝ್ ಇಬಾದತ್, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸುವುದು ನಮಗೆ ಸರಿಕಾಣದು. ಸೇರಿಸಿದರೂ, ರುಕೂ, ಸಜ್ದಾ, ಕುಳಿತುಕೊಳ್ಳುವುದು ಈ ಮೂರರಲ್ಲೂ ಸೊಂಟ ಮುಂದಕ್ಕೇ ಮಡಚುತ್ತದೆ. ತೊಡೆ ಹಿಂದಕ್ಕೆ ಚಾಚುವ ಭಂಗಿ ಅದರಲ್ಲಿಲ್ಲ.

ಬಿಗಿತ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಅಂಗಾತ ಮಲಗಿ ಒಂದು ಮೊಣಕಾಲನ್ನು ಎದೆಗೆ ತಬ್ಬಿಕೊಳ್ಳಿ. ಚಾಚಿದ ಇನ್ನೊಂದು ತೊಡೆ ನೆಲದಿಂದ ಮೇಲೆದ್ದರೆ ಆ ಬದಿ ಬಿಗಿದಿದೆ ಎಂದರ್ಥ. 19ನೇ ಶತಮಾನದ ಬ್ರಿಟಿಷ್ ಮೂಳೆ ವೈದ್ಯ ಹ್ಯೂ ಓವನ್ ಥಾಮಸ್ ಅವರ ಹೆಸರಿನ ಈ ಪರೀಕ್ಷೆಯನ್ನು ವೈದ್ಯರು ಇಂದಿಗೂ ಮಾಡುತ್ತಾರೆ.

ಬಿಗಿತ ಸಡಿಲಿಸಲು ಮಡಚಿದ ಕಂಬಳಿಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಪಾದವನ್ನು ಮುಂದಿಡಿ. ನಡುವನ್ನು ಹಿಂದಕ್ಕೆ ಬಾಗಿಸದೆ ಸೊಂಟವನ್ನು ನಿಧಾನವಾಗಿ ಮುಂದೆ ಒಯ್ಯಿರಿ. ಊರಿದ ಕಾಲಿನ ತೊಡೆಸಂದಿನಲ್ಲಿ ಸೆಳೆತ ಗೊತ್ತಾಗಬೇಕು, ನೋವಾಗಬಾರದು. 30 ಸೆಕೆಂಡು ಇದ್ದು ಕಾಲು ಬದಲಿಸಿ. ದಿನಕ್ಕೆ ಎರಡು ಮೂರು ಬಾರಿ ಸಾಕು. ಮೊಣಕಾಲು ಊರಲಾಗದ ಹಿರಿಯರು ಗೋಡೆ ಹಿಡಿದು ನಿಂತು, ಒಂದು ಕಾಲನ್ನು ಹಿಂದಿಟ್ಟು ಇದನ್ನೇ ಮಾಡಬಹುದು.

ಅದಕ್ಕಿಂತ ಮುಖ್ಯ, ಅರ್ಧ ಗಂಟೆಗೊಮ್ಮೆ ಎದ್ದು ಸ್ವಲ್ಪ ನಡೆಯುವುದು. ಬೀಡಿಯ ಲೆಕ್ಕದ ಮೇಲೆ ಕೂಲಿ ಸಿಗುವ ತಾಯಂದಿರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂಬುದನ್ನು ಬಲ್ಲೆವು. ಅವರು ಎದ್ದ ಆ ಎರಡು ನಿಮಿಷದಲ್ಲಿ ಚಹಾ ಮಾಡಲು ಹೇಳದಿದ್ದರೆ ಅದೇ ಮನೆಯವರ ಉಪಕಾರ.

ಎಲ್ಲ ನಡುನೋವಿಗೂ ಇದೇ ಕಾರಣವಲ್ಲ. ನೋವು ಕಾಲಿಗಿಳಿದರೆ, ಪಾದ ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.