ಬಿಸಿಲಿನಲ್ಲಿ ಮಾಸುವ ಪರದೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಸುತ್ತಮುತ್ತ, ನಡುಹಗಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಮೊಬೈಲ್ ತೆರೆದರೆ ಏನು ಕಾಣುತ್ತದೆ? ಬಹುಮಟ್ಟಿಗೆ ನಮ್ಮದೇ ಮುಖ! 2020ರ ಮುಂಗಾರಿನಿಂದ ನಮ್ಮ ರಾಜ್ಯದ ರೈತರು ಬೆಳೆ ಸಮೀಕ್ಷೆಯ ವಿವರವನ್ನು ತಾವೇ ಮೊಬೈಲಿನಲ್ಲಿ ದಾಖಲಿಸಬಹುದಾಗಿದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರಗಳಿಗೆ ಈ ದಾಖಲೆ ಬಳಕೆಯಾಗುತ್ತದೆ. ಬಿಸಿಲಿನಲ್ಲಿ ಸರ್ವೆ ನಂಬರನ್ನು ತಪ್ಪಾಗಿ ಓದಿದರೆ ನಷ್ಟ ರೈತನದೇ.

ಬಿಸಿಲಿಗೆ ಬಂದೊಡನೆ ಪರದೆಯ ಬೆಳಕು ಕುಂದುವುದಿಲ್ಲ. ಹಾಗಾದರೆ ಅಕ್ಷರ ಮಾಸುವುದೇಕೆ? ಓದಲು ಬೇಕಾದದ್ದು ಬರಿಯ ಬೆಳಕಲ್ಲ. ಬಿಳಿ ಭಾಗ ಮತ್ತು ಕಪ್ಪು ಭಾಗಗಳ ಹೊಳಪಿನ ಅನುಪಾತ. ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಪ್ರತಿಫಲಿಸುತ್ತದೆ. ಈ ಬೆಳಕು ಬಿಳಿ, ಕಪ್ಪು ಎರಡಕ್ಕೂ ಸಮನಾಗಿ ಸೇರಿಕೊಳ್ಳುತ್ತದೆ.

ಒಂದು ಸರಳ ಲೆಕ್ಕ

ಪ್ರತಿಫಲಿತ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಬಿದ್ದ ಬೆಳಕನ್ನು ಪ್ರತಿಫಲನದ ಪಾಲಿನಿಂದ ಗುಣಿಸಿ π ಯಿಂದ ಭಾಗಿಸಿದರೆ ಅದರ ಹೊಳಪು ಸಿಗುತ್ತದೆ. ಪರದೆಯ ಸ್ವಂತ ಹೊಳಪು ಚದರ ಮೀಟರಿಗೆ 500 ಕ್ಯಾಂಡೆಲಾ ಇರಲಿ. 500 ಲಕ್ಸ್ ಬೆಳಕಿನ ತರಗತಿಯಲ್ಲಿ ಪ್ರತಿಫಲನದ ಹೊಳಪು ಸುಮಾರು 6, ಅನುಪಾತ 80ರಷ್ಟು. ಒಂದು ಲಕ್ಷ ಲಕ್ಸ್ ಬಿಸಿಲಿನಲ್ಲಿ ಅದು ಸುಮಾರು 1270. ಅನುಪಾತ ಕೇವಲ 1.4!

ಪರದೆಯ ಹೊಳಪನ್ನು 1000ಕ್ಕೆ ಏರಿಸಿದರೆ ಅನುಪಾತ 1.8 ಆಗುತ್ತದೆ. ಆದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಅದರ ಬದಲು ಪ್ರತಿಫಲನವನ್ನು ಶೇ. 1ಕ್ಕೆ ಇಳಿಸಿದರೆ, ಹೊಳಪು 500 ಇದ್ದರೂ, ಅನುಪಾತ 2.6. ಆದ್ದರಿಂದ ಬೆಳಕು ಹೆಚ್ಚಿಸುವುದಕ್ಕಿಂತ ಪ್ರತಿಫಲನ ತಗ್ಗಿಸುವುದೇ ಲಾಭ.

ತಗ್ಗಿಸುವುದು ಹೇಗೆ?

ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡಿನಂಥ ವಸ್ತುವಿನ ಸುಮಾರು 100 ನ್ಯಾನೋಮೀಟರ್ ದಪ್ಪದ ಲೇಪ ಕೊಡುತ್ತಾರೆ. ಇದು ಆ ಲೇಪದೊಳಗೆ ಹಸಿರು ಬೆಳಕಿನ ತರಂಗದೂರದ ಕಾಲು ಭಾಗ. ಲೇಪದ ಮೇಲ್ಮುಖ ಮತ್ತು ತಳಮುಖಗಳಿಂದ ಮರಳುವ ಅಲೆಗಳು ಅರ್ಧ ತರಂಗದೂರ ಹಿಂದುಮುಂದಾಗಿ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ಹೊರಗಾಜಿಗೂ ಪರದೆಗೂ ನಡುವೆ ಗಾಳಿಯಿದ್ದರೆ ಇನ್ನೆರಡು ಪ್ರತಿಫಲಕ ಮುಖಗಳು ಸೇರುತ್ತವೆ. ಪಾರದರ್ಶಕ ಅಂಟು ತುಂಬಿ ಅವನ್ನು ನಿವಾರಿಸಬಹುದು.

ಇನ್ನೊಂದು ದಾರಿ ಬಿಸಿಲನ್ನೇ ದುಡಿಸಿಕೊಳ್ಳುವುದು. ಕ್ಯಾಲ್ಕುಲೇಟರಿನಲ್ಲಿ ದ್ರವ ಸ್ಫಟಿಕದ ಹಿಂದೆ ಪ್ರತಿಫಲಕ ಹಾಳೆಯಿದೆ. ಬಿಸಿಲು ಏರಿದಷ್ಟೂ ಅಂಕಿ ಸ್ಪಷ್ಟ. 2007ರಲ್ಲಿ ಬಂದ ಎಕ್ಸ್‌ಒ ಮಕ್ಕಳ ಲ್ಯಾಪ್‌ಟಾಪಿನ ಪರದೆ ಒಳಗೆ ಬಣ್ಣದಲ್ಲಿ, ಬಿಸಿಲಿನಲ್ಲಿ ಕಪ್ಪು-ಬಿಳುಪಿನಲ್ಲಿ ಕಾಣುತ್ತಿತ್ತು.

ಪ್ರತಿಬಿಂಬ ತಪ್ಪಿಸಲು ನಾವು ಪರದೆಯನ್ನು ಓರೆ ಮಾಡುತ್ತೇವಲ್ಲವೆ? ಓರೆಯಿಂದ ನೋಡಿದಾಗಲೂ ಚಿತ್ರ ಕೆಡದಂತೆ ಅನೇಕ ದ್ರವ ಸ್ಫಟಿಕ ಪರದೆಗಳಿಗೆ ತಟ್ಟೆಯಾಕಾರದ ಅಣುಗಳ ಪೊರೆ ಅಳವಡಿಸಿದರು. ಇಂಥ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್.

ಮಾಡಿ ನೋಡಿ

ಒಂದು ಕ್ಯಾಲ್ಕುಲೇಟರ್, ಒಂದು ಮೊಬೈಲ್ ತೆಗೆದುಕೊಂಡು ಬಿಸಿಲಿನಲ್ಲಿಯೂ ಕತ್ತಲ ಕೋಣೆಯಲ್ಲಿಯೂ ಓದಿ, ಹೋಲಿಸಿ. ಬಳಿಕ ಮೊಬೈಲನ್ನು ಹೊಂಗೆ ಮರದ ನೆರಳಿಗೆ ಒಯ್ಯಿರಿ. ಅಲ್ಲಿ ಬೆಳಕು 10,000 ಲಕ್ಸ್ ಇದ್ದರೆ ಅನುಪಾತ ಎಷ್ಟಾಗುತ್ತದೆ? ಲೆಕ್ಕ ಹಾಕಿ: ಸುಮಾರು 5 ಬರಬೇಕು. ಟವೆಲ್ಲನ್ನು ತಲೆಯ ಮೇಲಿಂದ ಇಳಿಬಿಟ್ಟು ಮೊಬೈಲ್ ನೋಡುವ ರೈತ ಮಾಡುತ್ತಿರುವುದೂ ಇದೇ ಭೌತವಿಜ್ಞಾನದ ಪ್ರಯೋಗ.