ಹಾಸು, ಹೊಕ್ಕು ಮತ್ತು ಮನೆಮಾತು: ಕೊಯಮತ್ತೂರಿನ ಕನ್ನಡ ನೇಕಾರರು

ಇವತ್ತು ನಾನು ಮಾತಾಡೋದು ರೇಷ್ಮೆ ಕೈಮಗ್ಗದ ಬಗ್ಗೆ. ಸಾಹಿತ್ಯ ವಿಭಾಗದಲ್ಲಿ ಮಗ್ಗದ ಮಾತು ಯಾಕೆ ಅಂತ ನೀವು ಕೇಳಬಹುದು. 'ಹಾಸುಹೊಕ್ಕು' ಅನ್ನೋ ಪದವನ್ನ ನಾವೆಲ್ಲ ವಿಮರ್ಶೆಯಲ್ಲಿ ಧಾರಾಳವಾಗಿ ಬಳಸ್ತೇವೆ. ಆ ಪದ ಮಗ್ಗದ್ದು. ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿ ಅಡ್ಡಲಾಗಿ ಒಯ್ಯುವ ಎಳೆ ಹೊಕ್ಕು. ನಮ್ಮ ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನೂ ನೇಕಾರನೇ.

ನಾನು ಕೊಯಮತ್ತೂರಿನ ಗಣಪತಿಯಲ್ಲಿ ಬೆಳೆದವರ ಪೈಕಿ. ಈ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನ ದೇವಾಂಗರು ತಲೆಮಾರುಗಳಿಂದ ನೇಯುತ್ತ ಬಂದಿದ್ದಾರೆ. ಚೌಡೇಶ್ವರಿ ಅವರ ಕುಲದೇವತೆ. ಮೇಟ್ಟುಪಾಳಯದ ಹತ್ತಿರದ ಸಿರುಮುಗೈ ಇವತ್ತಿಗೂ ರೇಷ್ಮೆ ಸೀರೆಗೆ ಹೆಸರಾದ ಊರು. ರೇಷ್ಮೆ, ಹತ್ತಿ ಎರಡೂ ಸೇರಿದ 'ಕೋವೈ ಕೋರಾ ಕಾಟನ್' ಸೀರೆಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಮಾನ್ಯತೆ ಸಿಕ್ಕಿದೆ.

ಹಾಗಾದರೆ ಕುಸಿತ ಎಲ್ಲಿಂದ ಶುರುವಾಯ್ತು? ಸಾಮಾನ್ಯವಾಗಿ ಕೊಡೋ ಉತ್ತರ: ವಿದ್ಯುತ್ ಮಗ್ಗ. ಇದು ಸುಳ್ಳಲ್ಲ. ಸೋಮನೂರು, ಪಲ್ಲಡಂ ಭಾಗವಿಡೀ ವಿದ್ಯುತ್ ಮಗ್ಗದ ಸೀಮೆ. ಕೆಲವು ಬಗೆಯ ಬಟ್ಟೆಯನ್ನ ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಮೊದಲು 22 ಇದ್ದ ಮೀಸಲು ಬಗೆಗಳು ಆಮೇಲೆ 11ಕ್ಕೆ ಇಳಿದವು. ಅಂಗಡಿಯಲ್ಲಿ ನಿಂತ ಗಿರಾಕಿಗೆ ಯಾವುದು ಕೈಮಗ್ಗದ್ದು, ಯಾವುದು ಅಲ್ಲ ಅಂತ ಗೊತ್ತಾಗೋದು ಕಷ್ಟ. ಬೆಲೆ ಮಾತ್ರ ತಕ್ಷಣ ಗೊತ್ತಾಗುತ್ತೆ.

ಆದರೆ ಇನ್ನೊಂದು ಕಾರಣ ಮನೆಯೊಳಗೇ ಇದೆ. ಕೈಮಗ್ಗ ಒಬ್ಬರ ಕೆಲಸ ಅಲ್ಲ. ಕಚ್ಚಾ ರೇಷ್ಮೆಗೆ ಅಂಟು ಇರುತ್ತೆ. ಸೋಪಿನ ನೀರಲ್ಲಿ ಕುದಿಸಿ ಅದನ್ನ ತೆಗೀಬೇಕು. ಬಣ್ಣ ಹಾಕಬೇಕು, ನೂಲು ಸುತ್ತಬೇಕು, ಹಾಸು ಹೂಡಬೇಕು. ಹಳೆಯ ಹಾಸು ಮುಗಿದಾಗ ಸಾವಿರಾರು ಎಳೆಗಳನ್ನ ಹೊಸದಕ್ಕೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಲಾಳಿಯೊಳಗೆ ಇಡೋ ಕಂಡಿಕೆಯನ್ನ ಯಾರಾದರೂ ರಾಟೆಯಲ್ಲಿ ಸುತ್ತಿ ಕೊಡ್ತಾನೇ ಇರಬೇಕು. ಇದನ್ನೆಲ್ಲ ಮಾಡ್ತಿದ್ದವರು ಹೆಚ್ಚಾಗಿ ಹೆಂಗಸರು, ಮುದುಕರು. ಕೂಲಿ ಸಿಗೋದು ಮಾತ್ರ ಸೀರೆಯ ಲೆಕ್ಕದಲ್ಲಿ. ಅಂದ್ರೆ ಒಂದು ಕೂಲಿಯೊಳಗೆ ಮೂರು ನಾಲ್ಕು ಜನರ ದುಡಿಮೆ ಅಡಗಿದೆ.

ಈಗ ನೋಡಿ. ಮಗಳು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರೆ ತಿಂಗಳಿಗೆ ಸಂಬಳ ಅವಳ ಹೆಸರಿಗೇ ಬರುತ್ತೆ. ಅವಳು ಹೋದದ್ದು ಸರಿಯೇ. ಆದರೆ ಅವಳ ಜಾಗಕ್ಕೆ ಆಳು ಇಟ್ಟರೆ ನೇಕಾರನಿಗೆ ಏನೂ ಉಳಿಯಲ್ಲ. ಹೀಗಾಗಿ ಮಗ್ಗ ನಿಲ್ಲೋದು ನೇಕಾರ ಎದ್ದು ಹೋದಾಗ ಅಲ್ಲ. ರಾಟೆಯ ಮುಂದೆ ಕೂರೋರು ಇಲ್ಲದಾದಾಗ. ರಾಷ್ಟ್ರೀಯ ಕೈಮಗ್ಗ ಗಣತಿ ನೇಕಾರರ ಜೊತೆಗೆ ಈ ಪೂರಕ ಕೆಲಸದವರನ್ನೂ ಎಣಿಸುತ್ತೆ. ಎಲ್ಲ ಬಗೆಯ ಬಟ್ಟೆ ಸೇರಿ ದೇಶದಲ್ಲಿ 1995–96ರಲ್ಲಿ 65.5 ಲಕ್ಷ ಇದ್ದವರು 2009–10ರಲ್ಲಿ 43.31 ಲಕ್ಷ, 2019–20ರಲ್ಲಿ ಸುಮಾರು 35.22 ಲಕ್ಷ ಆದರು.

ಭಾಷೆಯ ಪ್ರಶ್ನೆ ಬರೋದು ಇಲ್ಲೇ. ಶಾಲೆ, ಬಸ್ಸು, ಅಂಗಡಿ ಎಲ್ಲ ತಮಿಳು. ಕನ್ನಡ ಉಳಿದಿದ್ದು ಮಗ್ಗದ ಕೋಣೆಯಲ್ಲಿ, ಯಾಕಂದ್ರೆ ಅಲ್ಲಿ ಅಜ್ಜಿ, ಅಪ್ಪ, ಮಗು ಮೂವರೂ ದಿನವಿಡೀ ಒಟ್ಟಿಗೆ ಇರ್ತಿದ್ರು. "ಕಂಡಿಕೆ ಕೊಡು", "ಎಳೆ ಹರಿದಿದೆ ನೋಡು" ಅನ್ನೋದು ಪಾಠ ಅಲ್ಲ, ಕೆಲಸ. ಆದರೂ ಭಾಷೆ ಕೈಬದಲಾಗಿದ್ದು ಹಾಗೇ. ನಮ್ಮಜ್ಜಿಗೆ ಕನ್ನಡ ಓದೋಕೆ ಬರ್ತಿರಲಿಲ್ಲ. ನನಗೆ ಹಳಗನ್ನಡ ಓದೋಕೆ ಬರುತ್ತೆ, ಹರಿದ ರೇಷ್ಮೆ ಎಳೆ ಹೊಸೆಯೋಕೆ ಬರಲ್ಲ. ಆಕೆ ಬಳಸ್ತಿದ್ದ ಎಷ್ಟೋ ಮಗ್ಗದ ಪದಗಳನ್ನ ಬರೆದಿಟ್ಟುಕೊಳ್ಳೋ ಮೊದಲೇ ಕಳ್ಕೊಂಡೆ.

ಹಾಗಂತ ಭಾಷೆ ಉಳೀಲಿ ಅಂತ ಯಾರನ್ನೂ ಕಡಿಮೆ ಕೂಲಿಯ ಮಗ್ಗಕ್ಕೆ ಕಟ್ಟಿಹಾಕೋಕಾಗಲ್ಲ. ಕೂಲಿ ಲೆಕ್ಕ ಹಾಕುವಾಗ ರಾಟೆಯ ದುಡಿಮೆಯನ್ನ ಬೇರೆಯಾಗಿ ಎಣಿಸಿ ಅಂತ ಕೇಳಬಹುದು. ನಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು: ನಿಮ್ಮ ಮನೆಯಲ್ಲಿ ನೇಯ್ದವರು ಇದ್ದರೆ ಈ ರಜೆಯಲ್ಲಿ ಅವರ ಪಕ್ಕ ಕೂತು ಪದಗಳನ್ನ ಬರೆದುಕೊಳ್ಳಿ, ಮಗ್ಗದ ಯಾವ ಭಾಗಕ್ಕೆ ಯಾವ ಹೆಸರು ಅಂತ ಚಿತ್ರದ ಸಮೇತ. ಹಾಸು ಇದ್ದಾಗಲೇ ಹೊಕ್ಕು ಹಾಕೋಕೆ ಆಗೋದು. ಪ್ರಶ್ನೆಗಳಿದ್ದರೆ ಕೇಳಿ.