ಕುಲಾವಿ ಬಿಚ್ಚಿ, ಕೂಸು ಮಲಗಲಿ

ಏಪ್ರಿಲ್ ಬಂತೆಂದರೆ ಬೀಳಗಿಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಬದಲಾಗಿರುವುದು ಸೂರು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಎಷ್ಟೋ ಕುಟುಂಬಗಳು ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳನ್ನೂ ಅಲ್ಲಿಯೇ ಬಿಟ್ಟು ಬಂದವು. ಈಗ ತಲೆಯ ಮೇಲಿರುವುದು ಕಾಂಕ್ರೀಟ್ ಸ್ಲ್ಯಾಬು, ಇಲ್ಲವೇ ಪತ್ರಾಸು. ಪತ್ರಾಸು ಹೊತ್ತೇರಿದಂತೆ ಕಾದು, ಹೊತ್ತಿಳಿದಂತೆ ಆರುತ್ತದೆ. ಸ್ಲ್ಯಾಬು ಹಗಲೆಲ್ಲ ಹೀರಿದ ಕಾವನ್ನು ಇರುಳಲ್ಲಿ ಒಳಗೆ ಬಿಡುತ್ತದೆ. ಹೊರಗೆ ಗಾಳಿ ತಂಪಾದರೂ ತೊಟ್ಟಿಲ ಸುತ್ತ ಧಗೆ ಆರುವುದಿಲ್ಲ.

ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬೆವರಿ ಮೈ ಆರಿಸಿಕೊಳ್ಳುವ ಶಕ್ತಿ ಇನ್ನೂ ಕುದುರಿರುವುದಿಲ್ಲ. ಇಡೀ ಮೈಯ ಚರ್ಮದಲ್ಲಿ ಸುಮಾರು ಐದನೇ ಒಂದು ಪಾಲು ತಲೆಯದೇ. ಮೈಗೆಲ್ಲ ಬಟ್ಟೆ ಸುತ್ತಿದಾಗ ಕಾವು ಹೊರಹೋಗಲು ಉಳಿಯುವ ದೊಡ್ಡ ದಾರಿ ಅದು. ನಾವು ಕುಲಾವಿ ಕಟ್ಟಿ, ಮೇಲೊಂದು ಕುಂಚಿಗಿ ಹಾಕಿ ಅದನ್ನೂ ಮುಚ್ಚುತ್ತೇವೆ.

ಅಜ್ಜಿಯರ ಈ ಕಾಳಜಿಗೆ ಕಾರಣವಿದೆ. ಆಗಷ್ಟೇ ಹುಟ್ಟಿದ ಕೂಸಿಗೆ, ತೂಕ ಕಡಿಮೆಯಿರುವ ಕೂಸಿಗೆ, ಚಳಿಗಾಲದ ನಸುಕಿಗೆ ಕುಲಾವಿ ಬೇಕೇ ಬೇಕು. ಆದರೆ ವೈಶಾಖದ ಇರುಳಿಗೆ ಅದೇ ಕುಲಾವಿ, ಅದೇ ಕೌದಿ ಹೊರೆ. ನಿದ್ದೆಯಲ್ಲಿ ಮೈ ಅತಿಯಾಗಿ ಕಾಯುವುದು ಹಠಾತ್ ಶಿಶುಮರಣದ ಅಪಾಯವನ್ನು ಹೆಚ್ಚಿಸುವ ಸಂಗತಿಗಳಲ್ಲಿ ಒಂದು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದನ್ನಂತೂ ಯಾವ ಕಾಲದಲ್ಲೂ ಬಿಡಲೇಬೇಕು. ಮುಚ್ಚಿದ ಕೋಣೆಯಲ್ಲಿ ತಾಯಿ, ಕೂಸು ಇಬ್ಬರೂ ಕಾರ್ಬನ್ ಮೊನಾಕ್ಸೈಡ್ ಉಸಿರಾಡಬೇಕಾಗುತ್ತದೆ.

ಕೈಕಾಲು ತಣ್ಣಗಿವೆ ಎಂದು ಕೂಸಿಗೆ ಹೊದಿಸಬೇಡಿ, ಅವು ಹಾಗೆಯೇ ಇರುತ್ತವೆ. ಎದೆಯನ್ನೋ ಹಿಂಗತ್ತನ್ನೋ ಮುಟ್ಟಿ ನೋಡಿ. ಬಿಸಿಯಾಗಿ ಬೆವೆತಿದ್ದರೆ ಒಂದು ಬಟ್ಟೆ ತೆಗೆಯಿರಿ. ತೆಳ್ಳನೆಯ ಹತ್ತಿಯ ಅಂಗಿಯೊಂದೇ ಸಾಕು. ಸೊಳ್ಳೆಗೆ ಹೆದರಿ ತೊಟ್ಟಿಲ ಮೇಲೆ ಸೀರೆ ಹೊದಿಸುವ ಬದಲು ಸೊಳ್ಳೆಪರದೆ ಕಟ್ಟಿ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ತಳ್ಳುಗಾಡಿಗೆ ಒಣ ಬಟ್ಟೆ ಮುಚ್ಚಿ ಅಳೆದಾಗ ಒಳಗಿನ ಬಿಸಿ ಎರಡು ಡಿಗ್ರಿಗೂ ಹೆಚ್ಚು ಏರಿತ್ತು. ತೆಳು ಬಟ್ಟೆಯನ್ನು ಒದ್ದೆ ಮಾಡಿ ಫ್ಯಾನ್ ಹಚ್ಚಿದಾಗ ಇಳಿಯಿತು. ನಮ್ಮ ಬೇಸಿಗೆಯ ಗಾಳಿ ಒಣ, ನೀರು ಬೇಗ ಆವಿಯಾಗುತ್ತದೆ. ಕಿಟಕಿಗೆ ಒದ್ದೆ ಪಂಚೆ ಕಟ್ಟಿ ಫ್ಯಾನ್ ತಿರುಗಿಸಿದರೆ ಕೋಣೆ ತಂಪಾಗುತ್ತದೆ. ಕೂಸಿನ ಮೈಮೇಲೆ ಮಾತ್ರ ಒದ್ದೆ ಬಟ್ಟೆ ಬೇಡ. ಸೀರೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿದರೆ ಕೂಸಿನ ಕತ್ತು ಬಾಗಿ ಉಸಿರು ಕಟ್ಟುವ ಭಯವಿದೆ, ಗಾಳಿಯೂ ಆಡದು. ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದೇ ಕ್ಷೇಮ.

ಆರು ತಿಂಗಳೊಳಗಿನ ಕೂಸಿಗೆ ಬಾಯಾರಿದೆ ಎಂದು ನೀರು ಕುಡಿಸಬಾರದು. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ. ಹಾಲನ್ನೇ ಮೇಲಿಂದ ಮೇಲೆ ಕುಡಿಸಬೇಕು, ತಾಯಿ ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಬೇಕು. ಕೂಸು ಹಾಲು ಚೀಪದೆ ಜೋಲುಬಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಕಡಿಮೆಯಾದರೆ, ಮೂರು ತಿಂಗಳೊಳಗಿನದಕ್ಕೆ ಮೈ 38 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.